ಬೂಟು ಹಾಕಿದ ಹುಂಜ

ಫೆಬ್ರವರಿ ಬಂತೆಂದರೆ ಕುವೈತಿನ ಆಕಾಶಕ್ಕೆ ಹುರುಪು ಬರುತ್ತದೆ. ರಾಷ್ಟ್ರೀಯ ದಿನದ ತಾಲೀಮಿಗೆಂದು ಯುದ್ಧವಿಮಾನಗಳು ಸಮುದ್ರದ ಮೇಲೆ ಸುತ್ತು ಹಾಕುತ್ತವೆ. ಮಿರ್ಕಾಬ್ ಬಡಾವಣೆಯ ನಮ್ಮ ಆಫೀಸಿನ ಗಾಜುಗಳು ಗಡಗಡ ನಡುಗುತ್ತವೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಎಲ್ಲರೂ ಮೊಬೈಲು ಹಿಡಿದು ಕಿಟಕಿಗೆ ಓಡಿದರು. ನಾನು ಕುಳಿತಲ್ಲಿಂದಲೇ, ಬರೀ ಸದ್ದು ಕೇಳಿ, ಅದು ಎಂಥ ವಿಮಾನವೆಂದು ಹೇಳಿದೆ. ಯಾರೂ ನನ್ನನ್ನು ಕೇಳಿರಲಿಲ್ಲ ಅನ್ನುವುದು ಬೇರೆ ಮಾತು. ಜರ್ಮನಿಯಿಂದ ಡಯಾಲಿಸಿಸ್ ಯಂತ್ರಗಳನ್ನು ತರಿಸುವ ಕಂಪನಿಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಯುದ್ಧವಿಮಾನಗಳ ಉಸಾಬರಿ ಏಕೆ ಎಂದು ನಿಮಗೆ ಅನಿಸಬಹುದು. ಅದಕ್ಕೆ ಕಾರಣ ಸಂಜೀವಣ್ಣ.

ಸಂಜೀವಣ್ಣ ನಮ್ಮ ಆಫೀಸಿನ ಹಿಂದಿನ ಬೀದಿಯಲ್ಲಿ ಹೋಟೆಲು ನಡೆಸುತ್ತಾರೆ. ಊರು ಮೂಡುಬಿದಿರೆಯ ಕಡೆ. ಅವರ ಮನೆಮಾತು ತುಳು, ನನ್ನದು ಕೊಂಕಣಿ, ನಮ್ಮಿಬ್ಬರ ನಡುವೆ ಕನ್ನಡ. ಅವರ ನೀರುದೋಸೆಯ ಬಗ್ಗೆ ಬರೆಯಲು ಹೊರಟರೆ ಈ ಪ್ರಬಂಧ ಅಲ್ಲಿಯೇ ಮುಗಿದುಹೋದೀತು, ಆದ್ದರಿಂದ ಬೇಡ. ಕೆಲವು ವರ್ಷಗಳ ಹಿಂದೆ, ಮಧ್ಯಾಹ್ನದ ಗದ್ದಲ ಮುಗಿದ ಹೊತ್ತಿನಲ್ಲಿ, ಅವರು ತಮ್ಮ ತಂದೆಯ ಕಥೆ ಹೇಳಿದರು.

ತಂದೆ ಎರಡನೆಯ ಮಹಾಯುದ್ಧದಲ್ಲಿ, ಉತ್ತರ ಆಫ್ರಿಕದ ಮರುಭೂಮಿಯಲ್ಲಿ, ಆಂಬುಲೆನ್ಸ್ ಓಡಿಸುತ್ತಿದ್ದರಂತೆ. ಒಂದು ದಿನ ಗಾಯಾಳುಗಳನ್ನು ತುಂಬಿಕೊಂಡು ಗಾಡಿಗಳು ಸಾಲಾಗಿ ಬರುತ್ತಿದ್ದಾಗ ಜರ್ಮನ್ ವಿಮಾನವೊಂದು ಎರಗಿತು. ಸುತ್ತ ಧೂಳು, ಅಡಗಲು ಒಂದು ಪೊದೆಯೂ ಇಲ್ಲ. ವಿಮಾನ ತಲೆ ಸವರುವಷ್ಟು ಕೆಳಗೆ ಬಂತು. ಗುಂಡು ಮಾತ್ರ ಹಾರಲಿಲ್ಲ. ಹಾಗೆಯೇ ಮೇಲೇರಿ ಹೊರಟುಹೋಯಿತು.

“ಅದ್ರ ಮೇಲೊಂದು ಹುಂಜದ ಚಿತ್ರ ಇತ್ತಂತೆ ಮಾರಾಯ್ತಿ,” ಎಂದರು ಸಂಜೀವಣ್ಣ. “ಕೋಳಿ ಅಂಕದಲ್ಲಿ ಕಾದಾಡ್ಲಿಕ್ಕೆ ಹುಂಜ ನಿಲ್ತದಲ್ಲ, ಹಾಗೆ. ಆದ್ರೆ ಕಾಲಿಗೆ ಕತ್ತಿ ಕಟ್ಟುವಲ್ಲಿ ಬೂಟು! ಊರಲ್ಲಿ ಎಲ್ರೂ ನಗ್ತಿದ್ರು. ಅಪ್ಪ ಮಾತ್ರ, ನಾನು ಕಣ್ಣಾರೆ ಕಂಡದ್ದು ಅಂತ.”

ಆ ಹುಂಜ ಅವರ ಮನೆಯ ಕಾನೂನೇ ಆಗಿಬಿಟ್ಟಿತ್ತು. ಮಕ್ಕಳು ಜಗಳವಾಡಿದರೆ ತಂದೆ ಕೋಲು ತೆಗೆಯುತ್ತಿರಲಿಲ್ಲ. “ಅವ ವೈರಿ, ಆದ್ರೂ ಮೇಲಿಂದ ನೋಡಿ ಬಿಟ್ಟುಬಿಟ್ಟ. ನಿಮಗೆ ಬಿಡ್ಲಿಕ್ಕೆ ಆಗುದಿಲ್ವಾ?” ಎನ್ನುತ್ತಿದ್ದರಂತೆ.

“ನಿನಗೆ ಜರ್ಮನ್ ಬರ್ತದಲ್ಲ,” ಎಂದರು ಸಂಜೀವಣ್ಣ. “ಆ ಮನುಷ್ಯನ ಕಡೆಯವ್ರು ಯಾರಾದ್ರೂ ಇದ್ರೆ ಒಂದು ಥ್ಯಾಂಕ್ಸ್ ಹೇಳ್ಬೇಕು. ಅಪ್ಪನಿಂದ ಅದು ಆಗ್ಲಿಲ್ಲ.”

ನನ್ನ ಜರ್ಮನ್ ಎಂಥದ್ದೆಂದರೆ, ಪಂಪು ಸೋರುತ್ತಿದೆ, ಕೊಳವೆ ಇನ್ನೂ ಬಂದಿಲ್ಲ, ಇವೆರಡನ್ನು ತಡವರಿಸದೆ ಹೇಳಬಲ್ಲೆ. ಆದರೂ ಒಪ್ಪಿಕೊಂಡೆ. ಹುಡುಕುವ ಕೆಲಸದಲ್ಲಿ ನನಗೆ ನನ್ನ ಮೇಲೆ ಸ್ವಲ್ಪ ಹೆಚ್ಚೇ ನಂಬಿಕೆ.

ಹಳೆಯ ವಿಮಾನಗಳ ಹುಚ್ಚು ಹಿಡಿದವರದೇ ಒಂದು ಲೋಕವಿದೆ. ರಜೆಯ ಶುಕ್ರವಾರಗಳನ್ನೆಲ್ಲ ಅವರ ಜಾಲತಾಣಗಳಲ್ಲಿ ಕಳೆದೆ. ವಿಮಾನಗಳ ಮೇಲೆ ಕರಡಿ, ದೆವ್ವ, ಕೊಡೆ, ಏನೇನೋ ಕಂಡವು; ಹುಂಜಗಳೂ ಇದ್ದವು, ಎಲ್ಲ ಬರಿಗಾಲಿನವು. ಕೊನೆಗೆ ಒಂದು ಯೋಚನೆ ಬಂತು. ಎಲ್ಲರೂ ಈ ಪೈಲಟ್‌ಗಳನ್ನು ಯುದ್ಧದೊಳಗೇ ಹುಡುಕುತ್ತಾರೆ. ಆದರೆ ಬದುಕುಳಿದವನು ಆಮೇಲೂ ಏನಾದರೂ ಮಾಡಿರಬೇಕಲ್ಲ? ಹಾರುವ ಚಟ ಅಷ್ಟು ಸುಲಭಕ್ಕೆ ಬಿಡುವುದೇ? ಯಂತ್ರವಿಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರ್‌ಗಳ ಕ್ಲಬ್ಬುಗಳನ್ನು ಜಾಲಾಡಿದೆ. ಒಂದು ಸಣ್ಣ ಗುಡ್ಡದೂರಿನ ಕ್ಲಬ್ಬಿನ ಹಳೆಯ ಫೋಟೋದಲ್ಲಿ ಮುದಿ ಶಿಕ್ಷಕನೊಬ್ಬ ಗ್ಲೈಡರ್‌ಗೆ ಕೈಯೂರಿ ನಿಂತಿದ್ದ. ಅದರ ಮೂತಿಯ ಮೇಲೆ ಹುಂಜ. ಕಾಲಲ್ಲಿ ಕರಿ ಬೂಟು. ನಾನು ಕುರ್ಚಿಯಿಂದ ಎದ್ದು ಕೂಗಿದ ರಭಸಕ್ಕೆ ಪಕ್ಕದ ಫ್ಲಾಟಿನವರು ಬಾಗಿಲು ಬಡಿದರು.

ಹೆಸರು ಕರ್ಟ್. ಹೆಸರು ಸಿಕ್ಕಿದ ಮೇಲೆ ಉಳಿದದ್ದು ಒಂದೊಂದಾಗಿ ಬಂತು: ಮರುಭೂಮಿಯ ದಳ, ಸೆರೆ, ಬಿಡುಗಡೆಯಾದ ಮೇಲೆ ಇಟ್ಟಿಗೆ ಕಾರ್ಖಾನೆಯ ಕೂಲಿ, ನಂತರ ಗ್ಲೈಡರ್ ಕಲಿಸುವ ಮೇಷ್ಟರು. ಅವರು ತೀರಿಹೋಗಿ ಬಹಳ ಕಾಲವಾಗಿತ್ತು. ಮಗಳು ಹೈಕೆ, ನಿವೃತ್ತ ಶಾಲಾ ಶಿಕ್ಷಕಿ, ಕ್ಲಬ್ಬಿನವರ ಮೂಲಕ ಕೇಳಿದಾಗ ಮಾತಾಡಲು ಒಪ್ಪಿದರು.

ಹೋಟೆಲಿನ ಮೂಲೆಯ ಮೇಜಿನ ಮೇಲೆ ಫೋನಿಟ್ಟು ಕುಳಿತೆವು. ಸಂಜೀವಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಫೋನಿಗೆ ಅದೇನು ಕಾಣುತ್ತದೋ. ಅವರು ಹೇಳಿದ ಕಥೆಯನ್ನೂ ಥ್ಯಾಂಕ್ಸನ್ನೂ ನಾನು ನನ್ನ ಪಂಪು-ಕೊಳವೆಗಳ ಜರ್ಮನ್‌ನಲ್ಲಿ ಆ ಕಡೆ ದಾಟಿಸಿದೆ. ಹೈಕೆ ನಿಧಾನವಾಗಿ, ನನಗೆ ಅರ್ಥವಾಗಲೆಂದು ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದರು.

“ಅಪ್ಪ ಬಿಟ್ಟುಬಿಟ್ಟದ್ದಲ್ಲ. ಅವರು ಗುಂಡಿ ಒತ್ತಿದ್ದರು. ಬಂದೂಕಿನಲ್ಲಿ ಮರಳು ಸಿಕ್ಕಿಕೊಂಡಿತ್ತು. ಮೇಲೇರಿ ತಿರುಗಿದಾಗಲೇ ಗಾಡಿಗಳ ಮೇಲಿನ ಕೆಂಪು ಶಿಲುಬೆ ಕಂಡದ್ದು.”

ನಾನು ಸಂಜೀವಣ್ಣನ ಮುಖ ನೋಡಿದೆ. ಅವರು, “ಎಂತ ಹೇಳಿದ್ರು? ಇದ್ದದ್ದನ್ನೇ ಹೇಳು,” ಎಂದರು. ಇದ್ದದ್ದನ್ನೇ ಹೇಳಿದೆ. ನಯ ಮಾಡಿ ಹೇಳಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಅಂಗಿ ಹಾಕಿಕೊಂಡು ಬಂದ ಮನುಷ್ಯನಿಗೆ ಅರ್ಧ ಮಾತು ಕೊಡುವುದು ನನ್ನಿಂದಾಗಲಿಲ್ಲ.

ಸಂಜೀವಣ್ಣ ಎದ್ದು ಅಡುಗೆಮನೆಗೆ ಹೋದರು. ಅಲ್ಲಿ ಯಾರಿಗೋ ಒಲೆ ಸಣ್ಣ ಮಾಡೆಂದು ಹೇಳುವುದು ಕೇಳಿಸಿತು. ಅಷ್ಟರಲ್ಲಿ ಹೈಕೆ ನನಗೆ ಇನ್ನೂ ಸ್ವಲ್ಪ ಹೇಳಿದರು. ಸಂಜೀವಣ್ಣ ತಿರುಗಿ ಬಂದು ಕುಳಿತರು.

“ಒತ್ತಿದ್ದು ಅಂತ ಅವ್ರಪ್ಪನೇ ಹೇಳಿದ್ದಾ?”

“ಹೌದು. ಮನೆಯಲ್ಲಿ ಮಕ್ಕಳೆದುರಿಗೇ ಹೇಳುತ್ತಿದ್ದರಂತೆ. ಯುದ್ಧ ಮುಗಿದು ವಾಯುಸೇನೆ ಮತ್ತೆ ಕಟ್ಟುವಾಗ ಇವರನ್ನೂ ಕರೆದರಂತೆ. ಗುಂಡಿ ಇಲ್ಲದ ವಿಮಾನ ಇದ್ದರೆ ಬರುತ್ತೇನೆ ಎಂದರಂತೆ.”

“ಯಾರೂ ನೋಡಿರ್ಲಿಲ್ಲ,” ಎಂದರು ಸಂಜೀವಣ್ಣ. “ಹೇಳದಿದ್ರೂ ನಡೀತಿತ್ತು.” ಫೋನಿನ ಕಡೆ ನೋಡಿ, “ನಮ್ಮಪ್ಪನಿಗೆ ಸರಿಯಾದ ಜನವೇ ಅವ್ರು,” ಎಂದರು.

ಆಗ ಹೈಕೆ ಕೇಳಿದರು: “ಆ ಗಾಡಿಗಳಲ್ಲಿದ್ದವರು ಆಮೇಲೆ ಬದುಕಿದರೇ? ಅಪ್ಪ ಕೊನೆಯವರೆಗೂ ಅದನ್ನೇ ಕೇಳುತ್ತಿದ್ದರು. ನಮಗೆ ಉತ್ತರ ಗೊತ್ತಿರಲಿಲ್ಲ.”

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ಸಂಜೀವಣ್ಣ ಫೋನಿನ ಹತ್ತಿರ ಬಾಗಿದರು. ಉತ್ತರ ದಾಟಿಸಲು ಈ ಸಲ ನನ್ನನ್ನು ಕಾಯಲಿಲ್ಲ. “ಲೀಲಾ,” ಎಂದರು. “ಸಂಜೀವ. ಸುಂದರ. ಸುಜಾತ. ವಾಮನ.” ತಂದೆಯ ಮಕ್ಕಳು, ಆಮೇಲೆ ಮೊಮ್ಮಕ್ಕಳು. ಅತ್ತಲಿಂದ ಹೈಕೆ, ಹಾಜರಿ ಕರೆಯುವ ಮೇಷ್ಟ್ರಮ್ಮನ ಹಾಗೆ, ಒಂದೊಂದೇ ಹೆಸರನ್ನು ಹೇಳತೊಡಗಿದರು. ಸುಂದರ ಅವರ ಬಾಯಲ್ಲಿ ಝುಂದರ್ ಆದ. ಸಂಜೀವಣ್ಣ ತಿದ್ದಿದರು. ಅವರು ಮತ್ತೆ ಹೇಳಿದರು. ದುಭಾಷಿಗೆ ಅಲ್ಲಿ ಕೆಲಸವಿರಲಿಲ್ಲ. ನಾನು ಕಣ್ಣೊರೆಸಿಕೊಳ್ಳುತ್ತ ಕುಳಿತೆ.

ಆಮೇಲೆ ನಾನು ಕರ್ಟ್ ಅವರ ಇಡೀ ಬದುಕನ್ನು ಬರೆದು ಆ ವಿಮಾನದ ಹುಚ್ಚರ ಜಾಲತಾಣದಲ್ಲಿ ಹಾಕಿದೆ. ಅಲ್ಲಿ ಪೈಲಟ್‌ಗಳ ಪುಟದಲ್ಲಿ ಅವರು ಹೊಡೆದುರುಳಿಸಿದ ವಿಮಾನಗಳ ವಿವರವೇ ಇರುತ್ತದೆ. ಹೈಕೆ ಕೇಳಿಕೊಂಡಂತೆ ಕರ್ಟ್ ಅವರ ಪುಟದ ಕೆಳಗೆ ಸಂಜೀವಣ್ಣನ ಕುಟುಂಬದ ಫೋಟೋ ಸೇರಿಸಿದೆ, ಮದುವೆಯೊಂದರಲ್ಲಿ ಎಲ್ಲರೂ ಒತ್ತಾಗಿ ನಿಂತದ್ದು.

ಇವತ್ತು ವಿಮಾನಗಳು ಹೋದ ಮೇಲೆ ಆ ಪುಟ ತೆರೆದರೆ, ಯಾರೋ ಅಪರಿಚಿತರು ಕೇಳಿದ್ದರು, ಇವರೆಲ್ಲ ಯಾರು, ಈ ಪೈಲಟ್‌ಗೂ ಇವರಿಗೂ ಏನು ಸಂಬಂಧ ಎಂದು. ‘ಅವರ ಬಂದೂಕಿನಿಂದ ಗುಂಡು ಹಾರದ ದಿನ ಉಳಿದವರು’ ಎಂದು ಬರೆದೆ. ಊಟಕ್ಕೆ ಹೋದಾಗ ಸಂಜೀವಣ್ಣನಿಗೆ ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಫೋಟೋವನ್ನು ದೊಡ್ಡದು ಮಾಡಿ ಮೂಲೆಮೂಲೆ ನೋಡಿದರು.

“ಬರೆದದ್ದು ಸರಿ ಉಂಟು. ಆದ್ರೆ ಫೋಟೋ ಹಳತಾಯ್ತು ಮಾರಾಯ್ತಿ. ಸುಜಾತನ ಮಗಳಿಗೆ ಮೊನ್ನೆ ಮಗು ಆಯ್ತಲ್ಲ, ಅದು ಇದ್ರಲ್ಲಿ ಇಲ್ಲ. ಬೇರೆ ತೆಗೆದು ಹಾಕ್ಬೇಕು.”