ನೀಲಗಾರನ ತಂಬೂರಿಗೆ ಹೊಟ್ಟೆ ಕೊರೆದದ್ದು

ಕೋಪ ನನಗೆ ಮೂಗಿನ ತುದಿಯಲ್ಲೇ. ಈಗಲೂ ಅಷ್ಟೆ, ಆಗ ಇನ್ನೂ ಜಾಸ್ತಿ. ಆ ಕೋಪವನ್ನು ಸಹಿಸಿಕೊಂಡು ನನಗೆ ಕೆಲಸ ಕಲಿಸಿದ ಒಬ್ಬ ಮುದುಕನನ್ನು ನೆನೆಯದೆ ನಾನು ಇವತ್ತಿಗೂ ಉಳಿ ಹಿಡಿಯುವುದಿಲ್ಲ.

ನಮ್ಮ ಕೊಳ್ಳೇಗಾಲ ಸೀಮೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಕೌದಳ್ಳಿಯಲ್ಲಿ ನನ್ನ ಬಡಗಿ ಕೊಟ್ಟಿಗೆ. ಗಾಡಿ, ನೇಗಿಲು, ಕುಂಟೆ ಮಾಡುತ್ತಿದ್ದೆ. ಬೆಟ್ಟದ ದಾರಿಯಲ್ಲಿ ನನ್ನ ಗಾಡಿಯ ಚಕ್ರ ಮುರಿದದ್ದನ್ನು ಕಂಡವರಿಲ್ಲ ಎಂಬ ಜಂಬ ಬೇರೆ. ಒಂದು ಬೆಳಿಗ್ಗೆ ಅಜ್ಜೀಪುರದ ಕಡೆಯ ನೀಲಗಾರನೊಬ್ಬ ಬಂದ. ತಂಬೂರಿ ಮೀಟುತ್ತಾ ಮನೆಬಾಗಿಲಲ್ಲಿ ದೇವರ ಕಥೆ ಹಾಡಿ ಭಿಕ್ಷೆ ಪಡೆಯುವ ಮುದುಕ. ಹಳ್ಳ ದಾಟುವಾಗ ಜಾರಿ ಬಿದ್ದು ಅವನ ತಂಬೂರಿಯ ಹೊಟ್ಟೆ ಸೀಳಿಹೋಗಿತ್ತು. ಹೆಗಲ ಮೇಲೊಂದು ಹಲಸಿನ ದಿಮ್ಮಿ ಹೊತ್ತು ತಂದಿದ್ದ.

"ಆಚಾರ್ರೇ, ಇದ್ರಲ್ಲೊಂದು ಒಟ್ಟೆ ಕೊರ್ದು ಕೊಡಿ. ಇನ್ನೊಂದು ದಿಮ್ಮಿ ತರಾಕೆ ನನ್ ಕೈಲಾಗಕಿಲ್ಲ."

"ಅದೇನ್ ಮಹಾ!" ಅಂದೆ. ತಂಬೂರಿಯನ್ನು ನಾನು ಜನ್ಮದಲ್ಲಿ ಮಾಡಿದವನಲ್ಲ. ಅದನ್ನು ಹೇಳಲಿಲ್ಲ.

ಬಾಚಿಯಿಂದ ಹೊರಮೈ ಕೆತ್ತಿದೆ, ಉಳಿಯಿಂದ ಒಳಗೆ ತೋಡಿದೆ. ಗಾಡಿ ಮಾಡುವ ಕೈ ನೋಡಿ, ಸುತ್ತ ಎರಡು ಬೆರಳು ದಪ್ಪ ಬಿಟ್ಟೆ. ಆನೆ ತುಳಿದರೂ ಸೀಳಬಾರದು, ಹಾಗೆ! ಮೇಲೆ ಹಲಗೆ ಮುಚ್ಚಿ, ಒಡೆದ ತಂಬೂರಿಯ ಕೋಲನ್ನೇ ಜೋಡಿಸಿ, ತಂತಿ ಬಿಗಿದು ಕೊಟ್ಟೆ. ಮುದುಕ ಮೀಟಿದ. ಟುಕ್ ಅಂತು, ಅಷ್ಟೆ.

"ರಾಗಿ ಕುಟ್ಟಾಕೆ ಒಳಕಲ್ಲು ಚೆಂದಾಗ್ ಮಾಡಿದ್ದೀರಿ" ಎಂದು ನಕ್ಕ.

ನನಗೆ ಉರಿದುಹೋಯಿತು. "ತಿರ್ಕಂಡ್ ತಿನ್ನೋನ್ಗೆ ಇನ್ನೆಂಥದ್ ಬೇಕ್ಲಾ? ತಕಂಡ್ ಓಗು!" ಅಂದುಬಿಟ್ಟೆ. ಅವನು ತಂಬೂರಿಯನ್ನು ಅಲ್ಲೇ ಬಿಟ್ಟು ಬೇವಿನ ಮರದಡಿ ಹೋಗಿ ಕೂತ.

ನನ್ನ ಹೆಂಡತಿ ಅವನಿಗೆ ಮುದ್ದೆ ಕೊಡಲು ಹೋದರೆ ಕೈಮುಗಿದು ಬೇಡವೆಂದನಂತೆ. ಒಳಗೆ ಬಂದವಳು ನನ್ನನ್ನು ತರಾಟೆಗೆ ತೆಗೆದುಕೊಂಡಳು. "ತಂಬೂರಿ ಮೀಟಿ ಪದ ಏಳ್ದೆ ಬ್ಯಾರೇರ ಮನೇದು ಒಂದ್ ಹಿಡಿ ರಾಗೀನೂ ಮುಟ್ಟಾಕಿಲ್ವಂತೆ. ಗುರುಗೆ ಕೊಟ್ಟ ಮಾತಂತೆ. ಅದು ಒಡೆದಾಗಿಂದ ಮಗಳ ಮನೇಲಿ ಮೂಲೆ ಇಡ್ದವ್ನೆ. ಅಂತೋನ್ನ ಹಂಗಂದ್ಬುಟ್ರಲ್ಲ, ನಿಮ್ ಬಾಯ್ಗೊಂದ್ ಬೀಗ ಆಕ!"

ನಾಚಿಕೆಯಿಂದ ಸತ್ತೆ. ಮರದಡಿ ಹೋಗಿ, "ನಂಗೆ ತಂಬೂರಿ ಮಾಡಾಕ್ ಬರಾಕಿಲ್ಲ ಕಣಯ್ಯ" ಅಂದೆ.

ಮುದುಕ ಎದ್ದು ಬಂದು ಹಲಗೆ ಬಿಚ್ಚಿಸಿದ. ತೋಡಿದ ಹೊಟ್ಟೆಯೊಳಕ್ಕೆ ಬಾಯಿ ಬಗ್ಗಿಸಿ ಉದ್ದಕ್ಕೆ ಒಂದು ರಾಗ ಎಳೆದ. ನನ್ನ ಅಂಗೈಯನ್ನು ಹೊರಮೈಗೆ ಒತ್ತಿಸಿ, "ಎಲ್ಲಿ ನಡುಗಾಕಿಲ್ವೋ ಅಲ್ಲಿ ಕೆರೀರಿ" ಅಂದ.

ಎರಡು ದಿನ ಅವನು ಹಾಡಿದ, ನಾನು ಕೆರೆದೆ. ಆ ಎರಡು ದಿನವೂ ಮಗಳ ಮನೆಯಿಂದ ತಂದ ಬುತ್ತಿಯನ್ನೇ ತಿಂದ. ಮರ ತೆಳ್ಳಗಾದಷ್ಟೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಉಳಿ ಒಂದು ಚೂರು ತಪ್ಪಿದರೆ ದಿಮ್ಮಿ ಒಲೆಗೆ, ಮುದುಕ ಮತ್ತೆ ಮೂಲೆಗೆ.

"ಸಾಕು ಕಣಯ್ಯ, ತೂತಾಯ್ತದೆ!"

"ಇನ್ನೊಸಿ, ಆಚಾರ್ರೇ. ಎಡಗಡೆ ಇನ್ನೂ ನಿದ್ದೆ ಮಾಡ್ತಾ ಅದೆ."

ಕಡೆಗೊಮ್ಮೆ ಅಂಗೈ ತುಂಬ ಜುಮ್ಮೆಂದಿತು. ಉಳಿ ಕೆಳಗಿಟ್ಟೆ.

ಹಲಗೆ ಮುಚ್ಚಿ ತಂತಿ ಕಟ್ಟಿ ಕೊಟ್ಟೆ. ಮುದುಕ ಅದನ್ನು ಎದೆಗೊರಗಿಸಿಕೊಂಡು ಮೀಟಿಯೂ ನೋಡದೆ ಹೊರಟೇಹೋದ. ನನಗೆ ಪಿಚ್ಚೆನಿಸಿತು. ಕೊಟ್ಟಿಗೆಯಲ್ಲಿ ಮರದ ಸಿಪ್ಪೆ ಗುಡಿಸುತ್ತಿದ್ದಾಗ ನಮ್ಮ ಮನೆಯ ಮುಂಬಾಗಿಲಲ್ಲಿ ತಂತಿ ನುಡಿಯಿತು. ಓಡಿ ಹೋಗಿ ನೋಡಿದರೆ ಹೊಸ್ತಿಲ ಮುಂದೆ ನಿಂತು ಹಾಡುತ್ತಿದ್ದಾನೆ! ಹಾಡು ಮುಗಿದಾಗ ಹೆಂಡತಿ ಮೊರದಲ್ಲಿ ರಾಗಿ ತಂದಳು. ಅವನು ನನ್ನ ಕಡೆ ತಿರುಗಿ ಜೋಳಿಗೆ ಹಿಡಿದ.

"ಮೊದಲ್ನೇ ಭಿಕ್ಷ ನಿಮ್ ಕೈಯಿಂದ್ಲೇ ಬೀಳ್ಲಿ, ಆಚಾರ್ರೇ."

ಸುರಿಯುವಾಗ ಮೊರ ವಾಲಿ ಅರ್ಧ ರಾಗಿ ನೆಲಕ್ಕೆ ಚೆಲ್ಲಿತು. ಅವನು ಕುಕ್ಕರಗಾಲಲ್ಲಿ ಕೂತು ಬಾಚತೊಡಗಿದ. ನಾನೂ ಪಕ್ಕದಲ್ಲಿ ಮಂಡಿಯೂರಿ, ಗೋರಿ ಗೋರಿ ಅವನ ಜೋಳಿಗೆಗೆ ತುಂಬಿದೆ.