ವೆರ್ಡೆಲ್ ಅಮ್ಮನ ಷೂ ಪೆಟ್ಟಿಗೆ

ಫಿಲಡೆಲ್ಫಿಯಾದ ಬೀದಿಗೆ ಇನ್ನೂ ಬಿಸಿಲು ಇಳಿದಿಲ್ಲ. ಫೆಡರಲ್ ಬಂದೀಖಾನೆಯ ಎದುರು ಮೂಲೆಯಲ್ಲಿ ವೆರ್ಡೆಲ್ ಮೇಬ್ರಿ ಕಾಫಿ ಗಾಡಿಯ ಒಲೆ ಹೊತ್ತಿಸುತ್ತಾರೆ. ಆಮೇಲೆ ಗಾಡಿಯಡಿಯಿಂದ ಒಂದು ಪೆಟ್ಟಿಗೆ ಎಳೆದಿಡುತ್ತಾರೆ. ಒಳಗೆ ಹಳೆಯ ಷೂಗಳು, ಉದ್ದ ಲಂಗಗಳು, ತುಂಬುತೋಳಿನ ಅಂಗಿಗಳು.

ಒಳಗಿರುವವರನ್ನು ನೋಡಲು ಬರುವವರಿಗೆ ಉಡುಪಿನ ಕಟ್ಟಳೆ ಬಿಗಿ. ಬೆರಳು ಕಾಣುವ ಚಪ್ಪಲಿ, ತೋಳಿಲ್ಲದ ಅಂಗಿ ತೊಟ್ಟವರು ಬಾಗಿಲಿಂದಲೇ ವಾಪಸ್. ಹಿಂದೊಮ್ಮೆ ವೆರ್ಡೆಲ್ ಕೂಡ ಹಾಗೆ ವಾಪಸಾದವರೇ. ಮನೆಗೆ ಓಡಿ ಷೂ ಹಾಕಿ ಬರುವಷ್ಟರಲ್ಲಿ ಭೇಟಿಯ ಹೊತ್ತು ಮುಗಿದಿತ್ತು. ಮರುದಿನ, ಒಳಗಿದ್ದ ಅವರ ತಮ್ಮ ಲಿಂಡನ್‌ನನ್ನು ದೂರದ ರಾಜ್ಯದ ಜೈಲಿಗೆ ಸಾಗಿಸಿದರು.

"ಒಂದು ಜೊತೆ ಚಪ್ಪಲಿಯಿಂದಾಗಿ ವರ್ಷಗಟ್ಟಲೆ ತಮ್ಮನ ಮುಖ ಕಾಣ್ಲಿಲ್ಲ ನೋಡಿ. ಅತ್ತಿದ್ದು ಸಾಕು ಅನ್ನಿಸ್ತು, ಗಾಡಿ ಇಟ್ಟೆ" ಎನ್ನುತ್ತಾರೆ.

ಈ ಶನಿವಾರ ಸ್ಕ್ರಾಂಟನ್‌ನಿಂದ ಬಂದ ಕಲ್ಲುಗಣಿ ಕೆಲಸಗಾರ ಕ್ಲೆಮ್ ಹಾರ್ಗೆಸ್ ತಲೆ ತಗ್ಗಿಸಿ ಬೀದಿ ದಾಟುತ್ತಾರೆ. ಮಗಳು ಟೆಸ್ಸಾ ಒಳಗಿದ್ದಾಳೆ. ಅಪ್ಪನ ಉಕ್ಕಿನ ಮೂತಿಯ ಬೂಟನ್ನು ಲೋಹ ಪತ್ತೆಹಚ್ಚುವ ಬಾಗಿಲು ಒಪ್ಪುತ್ತಿಲ್ಲ.

"ವೆರ್ಡೆಲ್ ಹತ್ರ ಹೋಗಿ ಅಂದ್ರು ಕಾವಲಿನವ್ರು."

"ಸರಿಯಾದ ಕಡೆಗೇ ಕಳ್ಸಿದ್ದಾರೆ. ಕಾಲು ತೋರ್ಸಿ. ಅಯ್ಯಯ್ಯೋ, ಇದು ಪಾದಾನಾ, ದೋಣೀನಾ!"

ಪೆಟ್ಟಿಗೆಯ ಯಾವ ಷೂ ಕೂಡ ಆ ಕಾಲಿಗೆ ಹಿಡಿಯುವುದಿಲ್ಲ. ಕ್ಲೆಮ್ ಬಸ್ ನಿಲ್ದಾಣದತ್ತ ತಿರುಗುತ್ತಾರೆ. ಅವರ ತೋಳು ಹಿಡಿದು ನಿಲ್ಲಿಸಿದ ವೆರ್ಡೆಲ್, ಕಾಫಿಗೆ ನಿಂತಿದ್ದ ಬಸ್ ಚಾಲಕ ರೂಬೆನ್ ಕಬಾನ್ ಕಡೆ ನೋಡುತ್ತಾರೆ. ಆಳೂ ಎತ್ತರ, ಪಾದವೂ ಉದ್ದ.

"ಬಿಚ್ಚೋ ರೂಬೆನ್."

"ಇಷ್ಟು ದಿನ ನನ್ನ ಜೇಬಿಗೆ ಕೈ ಹಾಕ್ತಿದ್ದೆ, ಈಗ ಕಾಲಿಗೂ ಬಂದ್ಯಾ ತಾಯಿ?" ಎಂದು ಗೊಣಗುತ್ತಲೇ ರೂಬೆನ್ ಷೂ ಕಳಚುತ್ತಾರೆ. ಕ್ಲೆಮ್ ಹೊರಬರುವವರೆಗೂ ಬರೀ ಕಾಲುಚೀಲದಲ್ಲಿ ನಿಂತು, ಪುಕ್ಕಟೆ ಕಾಫಿ ಹೀರುತ್ತಾರೆ.

ಹೊರಬಂದ ಕ್ಲೆಮ್ ಷೂ ಮರಳಿಸಿ, ವೆರ್ಡೆಲ್ ಅವರ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "'ಅಪ್ಪಾ, ನೀನು ಬರಲ್ಲ ಅಂದ್ಕೊಂಡಿದ್ದೆ' ಅಂದ್ಳು ಟೆಸ್ಸಾ. 'ಬಂದೆನಲ್ಲ' ಅಂದೆ."

ವೆರ್ಡೆಲ್ ಕಣ್ಣೊರೆಸಿಕೊಂಡು ಇನ್ನೊಂದು ಲೋಟ ತುಂಬಿಸುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ನಗುತ್ತಾರೆ. "ಈ ಪೆಟ್ಟಿಗೆ ಯಾರಿಗೂ ಬೇಡವಾಗೋ ದಿನ ಬರ್ಲಿ. ಅಲ್ಲಿವರೆಗೆ, ದೊಡ್ಡ ಪಾದದವರು ಹಳೇ ಷೂ ಎಸೀಬೇಡಿ ಅಂತ ಪೇಪರ್‌ನಲ್ಲಿ ಬರೀರಿ. ರೂಬೆನ್‌ಗೆ ಶೀತ ಆಗಿದೆ."