ಬೀಗತಿಯ ಎದುರು ಬೋಚೆ

ಬೋಚೆ ಆಡಲು ಓಡಬೇಕಿಲ್ಲ, ಹಾರಬೇಕಿಲ್ಲ. ನಿಂತಲ್ಲೇ ನಿಂತು ಚೆಂಡು ಉರುಳಿಸಿದರಾಯಿತು. ಮೊಣಕಾಲು ಹೋದವರಿಗೆ ಹೇಳಿ ಮಾಡಿಸಿದ ಆಟ. ಹಾಗೆಂದೇ ನನ್ನ ಮಗಳು ನಮ್ಮನ್ನು ಅದಕ್ಕೆ ಹಚ್ಚಿದಳು.

ಮಗಳನ್ನು ಶಿರಗುಪ್ಪಿಗೆ ಕೊಟ್ಟಿದ್ದೇನೆ. ಅಲ್ಲಿನ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರ್. ಯಾವುದೋ ಟ್ರೇನಿಂಗಿಗೆ ಹೋಗಿ ಬರುವಾಗ ಒಂದು ಚೀಲ ಚೆಂಡು ತಂದಳು. ಶಾಲೆಯ ಹುಡುಗರಿಗೆ ಕ್ರಿಕೆಟ್ ಬಿಟ್ಟು ಬೇರೆ ಬೇಡ, ಚೀಲ ಮನೆಯ ಮೂಲೆ ಸೇರಿತು. ಒಂದು ರವಿವಾರ ಅವಳ ಅತ್ತೆ, ಅಂದರೆ ನನ್ನ ಬೀಗತಿ, ಬೇಸರ ಕಳೆಯಲು ಒಂದು ಚೆಂಡು ತೆಗೆದು ಅಂಗಳದಲ್ಲಿ ಉರುಳಿಸಿದಳಂತೆ. ಎದುರಿಗೆ ಅವಳಿಗೆ ನಾನು ರೀ ಹಚ್ಚಿಯೇ ಮಾತಾಡುತ್ತೇನೆ. ಇಲ್ಲಿ ಅವಳು ಎಂದೇ ಬರೆಯುತ್ತೇನೆ, ಅವಳಿಗೆ ಓದುವ ಚಟವಿಲ್ಲ.

ಈಗ ನಾವು ಹತ್ತು ಹನ್ನೆರಡು ಮುದುಕಿಯರು. ಐನಾಪುರದಿಂದ ನಾವು ನಾಲ್ವರು, ಸತ್ತಿಯಿಂದ ಮೂವರು, ಉಳಿದವರು ಶಿರಗುಪ್ಪಿಯವರು. ಯಾರು ಯಾರ ಸಂಗಡ ಆಡಬೇಕೆಂದು ಮಗಳು ಒಂದು ರಟ್ಟಿನ ಮೇಲೆ ಬರೆದು, ಲೀಗ್ ಎಂದು ಹೆಸರಿಟ್ಟಳು. ಲೀಗ್ ಎಂದರೆ ದೊಡ್ಡದೇನಲ್ಲ. ಬಂದವರು ಆಡುತ್ತಾರೆ. ಮನೆಯಲ್ಲಿ ಮೊಮ್ಮಗುವಿಗೆ ಜ್ವರ ಬಂದರೆ ಬರುವುದಿಲ್ಲ.

ಆಟ ಹೇಗೆಂದು ಹೇಳಿಬಿಡುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೇ ತಿಳಿದಿದೆ, ನಿಮಗೆ ತಿಳಿಯದೇ ಇರುತ್ತದೆಯೇ. ಒಂದು ಸಣ್ಣ ಚೆಂಡು, ಎಂಟು ದೊಡ್ಡವು. ಸಣ್ಣದಕ್ಕೆ ನಾವು ಮರಿ ಎನ್ನುತ್ತೇವೆ. ಮೊದಲು ಮರಿಯನ್ನು ಮುಂದಕ್ಕೆ ಎಸೆಯಬೇಕು. ಆಮೇಲೆ ಒಬ್ಬಳಿಗೆ ನಾಲ್ಕು ಕೆಂಪು, ಇನ್ನೊಬ್ಬಳಿಗೆ ನಾಲ್ಕು ಹಸಿರು. ಸುಣ್ಣದ ಗೆರೆ ದಾಟದೆ, ಕೈಯನ್ನು ಕೆಳಗಿನಿಂದ ಬೀಸಿ, ಚೆಂಡನ್ನು ಮರಿಯ ಹತ್ತಿರಕ್ಕೆ ಉರುಳಿಸಬೇಕು. ಯಾರದು ದೂರವಿದೆಯೋ ಅವರೇ ಮತ್ತೆ ಎಸೆಯಬೇಕು. ಎಂಟೂ ಮುಗಿದ ಮೇಲೆ, ಎದುರಿನವಳ ಅತಿ ಹತ್ತಿರದ ಚೆಂಡಿಗಿಂತ ನನ್ನವು ಎಷ್ಟು ಹತ್ತಿರವಿದ್ದರೆ ನನಗೆ ಅಷ್ಟು ಪಾಯಿಂಟ್. ಹನ್ನೆರಡು ಮೊದಲು ಮುಟ್ಟಿದವಳು ಗೆದ್ದಳು. ಎದುರಿನವಳ ಚೆಂಡಿಗೆ ಬಡಿದು ಅದನ್ನು ಮೂಲೆಗೆ ಓಡಿಸಬಹುದು. ಮರಿಗೇ ಬಡಿದು ಅದನ್ನು ನಮ್ಮ ಕಡೆ ತಳ್ಳಿಕೊಳ್ಳಬಹುದು. ಎರಡೂ ತಪ್ಪಲ್ಲ. ನನಗೆ ಆಟ ಹಿಡಿಸಿದ್ದೇ ಇದಕ್ಕೆ.

ಆಡುವುದು ಬೀಗರ ಮನೆಯ ಹಿಂದಿನ ಬೆಲ್ಲದ ಗಾಣದ ಅಂಗಳದಲ್ಲಿ. ಮಳೆಗಾಲದಲ್ಲಿ ಗಾಣಕ್ಕೆ ಕೆಲಸವಿಲ್ಲ. ರಾಶಿ ಮಾಡುವ ಕಣದ ಹಾಗೆ ನೆಲ ಬಡಿದು, ಸಗಣಿ ಸಾರಿಸಿಟ್ಟರೆ ಚೆಂಡು ಹೇಳಿದಲ್ಲಿಗೆ ಹೋಗುತ್ತದೆ. ಬೀಗತಿ ಚೆಂಡು ಬಿಡುವುದು ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ. ನಾನು ಎಸೆಯುವುದು ನಾಯಿಗೆ ಕಲ್ಲು ಬೀರಿದ ಹಾಗೆ. ಇಬ್ಬರದೂ ಮುಟ್ಟುತ್ತದೆ.

ಪಂಚಮಿಗೆ ಹದಿನೈದು ದಿನವಿತ್ತು. ರಟ್ಟಿನ ಮೇಲೆ ನಮ್ಮಿಬ್ಬರ ಪಾಳಿ ಬಂತು. ಹಿಂದಿನ ರವಿವಾರವೇ ನಾನು ಮಾತು ತೆಗೆದಿದ್ದೆ.

"ಬೀಗತ್ಯಾರ, ಈ ಸಲ ಪಂಚಮಿಗಿ ಮಗಳನ್ನ ಹದಿನೈದ ದಿನ ಕಳಸ್ರಿ. ಸಾಲಿಗಿ ಐನಾಪುರದಿಂದನ ಸ್ಕೂಟಿ ಮ್ಯಾಲ ಹೋಗ್ತಾಳ."

"ಹದಿನೈದ ಯಾಕ್ರಿ? ಮೂರ ದಿನ ಸಾಕು. ಉಂಡಿ ತಿನ್ನಾಕ ಒಂದ ದಿನ, ಜೋಕಾಲಿ ಆಡಾಕ ಒಂದ ದಿನ, ತಿರಗಿ ಬರಾಕ ಒಂದ ದಿನ."

"ಆಕಿ ಇಲ್ಲಂದ್ರ ನಿಮಗ ಭಕ್ರಿ ಬಡ್ಯಾಕ ಬರೂದಿಲ್ಲೇನ್ರಿ?"

"ಬರ್ತೈತ್ರಿ. ನಿಮಗ ಬರೂದಿಲ್ಲಂತ ಆಕೀನ್ನ ಕರಸ್ಕೊಳ್ಳಾಕತ್ತೀರಿ ಅಂತ ತಿಳ್ಕೊಂಡಿದ್ದೆ."

ಸತ್ತಿಯ ಮುದುಕಿಯೊಬ್ಬಳು ನಡುವೆ ಬಂದಳು. "ಬಾಯಿಲೆ ಯಾಕ್ರಿ, ಚೆಂಡಿಲೆ ತೀರಿಸ್ಕೊಳ್ರಿ." ಹಾಗೆಯೇ ಆಯಿತು. ನಾನು ಗೆದ್ದರೆ ಹದಿನೈದು ದಿನ, ಅವಳು ಗೆದ್ದರೆ ಮೂರು. ನಡುವೆ ಅಂಗಳ ಬಿಟ್ಟು ಹೋದವಳು ಸೋತಳು. ಮಗಳು ಅಲ್ಲೇ ನಿಂತು ಚೆಂಡು ಒರೆಸುತ್ತಿದ್ದಳು.

ಆ ವಾರವೆಲ್ಲ ನಾನು ಒಂದೇ ವಿಚಾರ ಮಾಡಿದೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆದೀತು, ಚಾತುರ್ಮಾಸ ಹಿಡಿದ ಮೇಲೆ ನೀರು ಸಹಿತ ಇಲ್ಲ. ಬೀಗತಿ ಇದರಲ್ಲಿ ಬಹಳ ಕಟ್ಟುನಿಟ್ಟು. ಮೇಲೆ ಶುಗರ್ ಗುಳಿಗೆ, ಉಪವಾಸ ಬೀಳುವಂತಿಲ್ಲ. ಆಟವನ್ನು ಹೊತ್ತು ಮುಳುಗುವತನಕ ಎಳೆದರೆ ಅವಳು ಉಣ್ಣಲು ಎದ್ದೇ ಹೋಗಬೇಕು. ಎದ್ದರೆ ಸೋತಳು. ಆಟದ ದಿನ ನಾನು ಮನೆಯಿಂದ ಹೊರಡುವ ಮೊದಲೇ ಮೂರೂವರೆಗೆ ಎರಡು ಭಕ್ರಿ, ಮಡಕಿ ಕಾಳಿನ ಪಲ್ಯ, ಒಂದು ವಾಟಿ ಮೊಸರು ಮುಗಿಸಿ, ಗುಳಿಗೆ ನುಂಗಿ ಟಮ್‌ಟಮ್ ಹತ್ತಿದೆ.

ಐದಕ್ಕೆ ಆಟ ಸುರುವಾಯಿತು. ನಾನು ಎಳೆಯತೊಡಗಿದೆ. ಚೆಂಡು ಎಸೆಯುವ ಮೊದಲು ಒಮ್ಮೆ ಸೆರಗು ಸಿಕ್ಕಿಸಿಕೊಂಡೆ, ಒಮ್ಮೆ ಕಾಲಿಗೆ ಮುಳ್ಳು ಚುಚ್ಚಿತು ಎಂದು ಕುಳಿತೆ. ಆದರೆ ಬೀಗತಿಗೂ ಅವಸರವಿರಲಿಲ್ಲ. ಗೇಣುದ್ದ ಫರಕು ಕುರುಡನಿಗೂ ಕಾಣುತ್ತಿತ್ತು, ಆದರೂ "ಟೇಪ ಹಿಡಿ ಯವ್ವಾ" ಎನ್ನುತ್ತಿದ್ದಳು. ಚಸ್ಮಾ ತೆಗೆದು ಒರೆಸಿ ಹಾಕಿಕೊಳ್ಳುತ್ತಿದ್ದಳು. ಮತ್ತೆ ತೆಗೆದು ಒರೆಸುತ್ತಿದ್ದಳು. ವಯಸ್ಸಾಯಿತು ಪಾಪ ಎಂದುಕೊಂಡೆ. ಪ್ರತಿ ಸಲವೂ ಮಗಳು ಬಗ್ಗಿ, ಟೇಪು ಹಿಡಿದು, ಸೆಂಟಿಮೀಟರ್ ಹೇಳಿ ಏಳುತ್ತಿದ್ದಳು. ಒಮ್ಮೆ ಏಳುವಾಗ ಸೊಂಟ ಹಿಡಿದುಕೊಂಡಳು. ನಾನು ಅದನ್ನು ನೋಡಿದೆ. ನೋಡಿ, ಮುಂದಿನ ಚೆಂಡು ಎತ್ತಿಕೊಂಡೆ.

ಇಬ್ಬರದೂ ಹನ್ನೊಂದು ಹನ್ನೊಂದಾಯಿತು. ನೋಡುತ್ತಿದ್ದವರೆಲ್ಲ ಉಣ್ಣಲು ಹೋಗಿದ್ದರು. ಸೂರ್ಯ ಕಬ್ಬಿನ ಗರಿಗಿಂತ ಒಂದು ಮೊಳ ಮೇಲಿದ್ದ. ಇದೇ ವೇಳೆಗೆ ಕಾಯುತ್ತಿದ್ದೆ.

"ಬೀಗತ್ಯಾರ, ಹೊತ್ತ ಮುಳಗಾಕ ಬಂತು. ಹೋಗಿ ಒಂದ ತುತ್ತ ಉಂಡ ಬರ್ರಿ. ಗುಳಿಗಿ ಅದಾವ ನಿಮ್ಮವು."

"ನೀವ ಮೊದಲ ಹೋಗ್ರಿ. ದೂರದಿಂದ ಬಂದೀರಿ, ನೀವು ಪಾವಣ್ಯಾರು."

"ನನಗ ಹಸವಿಲ್ರಿ."

"ನನಗೂ ಇಲ್ರಿ," ಎಂದಳು. ಅಷ್ಟರಲ್ಲಿ ಅವಳಿಗೆ ಒಂದು ತೇಗು ಬಂತು. ಹಸಿದ ಹೊಟ್ಟೆಯ ತೇಗು ಅಷ್ಟು ತುಂಬಿಕೊಂಡು ಬರುವುದಿಲ್ಲ.

"ಉಂಡೀರಿ ನೀವು," ಎಂದೆ.

"ನಾಕಕ್ಕ," ಎಂದಳು, ಏನೂ ಆಗದವರ ಹಾಗೆ. "ನೀವು?"

"ಮೂರೂವರಿಗಿ."

ಇಬ್ಬರೂ ಮೊಣಕಾಲು ಹಿಡಿದುಕೊಂಡು ನಗಹತ್ತಿದೆವು. ನಾನು ಅವಳನ್ನು ಹಸಿವಿನಿಂದ ಎಬ್ಬಿಸಲು ನೋಡಿದ್ದೆ, ಅವಳು ನನ್ನನ್ನು. ಇಪ್ಪತ್ತು ವರ್ಷದ ಬೀಗತನದಲ್ಲಿ ನಮ್ಮಿಬ್ಬರ ತಲೆ ಒಂದೇ ಕಡೆ ಓಡಿದ್ದು ಅದೇ ಮೊದಲು.

ನಗು ಮುಗಿಸಿ ಕೊನೆಯ ಸುತ್ತು ಆಡಿದೆವು. ನನ್ನ ಕೆಂಪು ಮರಿಯ ಈ ಬದಿಗೆ ನಿಂತಿತು, ಅವಳ ಹಸಿರು ಆ ಬದಿಗೆ. ಕಣ್ಣಿನಿಂದ ಹೇಳಲು ಬರುವಂತಿರಲಿಲ್ಲ. ಯಾವುದು ಹತ್ತಿರವೋ ಅದರ ಒಡತಿ ಗೆದ್ದಳು.

"ಟೇಪ ಹಿಡಿ ಬೇ," ಎಂದೆ.

ಮಗಳು ಬಂದಳು. ಆದರೆ ಬಗ್ಗಲಿಲ್ಲ. "ಇಬ್ಬರೂ ಉಂಡ ಬಂದೀರಿ?"

"ಹೂಂ."

"ನಾ ಉಂಡಿಲ್ಲ."

ನಾವಿಬ್ಬರೂ ಅವಳ ಮುಖ ನೋಡಿದೆವು.

"ಮುಂಜಾನಿ ಉಂಡಾಕಿ ನಾನು. ಮಧ್ಯಾಹ್ನದಿಂದ ಇಲ್ಲೇ ನೆಲಾ ಬಡದೀನಿ, ಸುಣ್ಣದ ಗೆರಿ ಹಾಕೀನಿ, ಐದರಿಂದ ನಿಮ್ಮ ಚೆಂಡ ಅಳ್ಯಾಕತ್ತೀನಿ. ಉಂಡೀಯೇನ ಅಂತ ಯಾರರ ಕೇಳಿದ್ರೇನ?"

ಹೆತ್ತವಳು ನಾನು. ಆಗ ನನ್ನ ಬಾಯಿಂದ ಬಂದದ್ದು ಇಷ್ಟು: "ಅಳದ ಹೋಗ, ಒಂದ ನಿಮಿಷದ ಕೆಲಸ."

"ಹೌದ ಯವ್ವಾ, ಅಳದ ಹೋಗ," ಎಂದಳು ಬೀಗತಿ.

ಮಗಳು ಬಗ್ಗಿದಳು. ಮರಿಯನ್ನು ಎತ್ತಿ, ಒರೆಸಿ, ಚೀಲಕ್ಕೆ ಹಾಕಿದಳು. ಮರಿ ಎತ್ತಿದ ಮೇಲೆ ಅಳೆಯಲು ಏನು ಉಳಿಯಿತು?

"ಎಂಟ ದಿನ ಹೋಗ್ತೇನಿ," ಎಂದಳು. "ಮೂರೂ ಅಲ್ಲ, ಹದಿನೈದೂ ಅಲ್ಲ. ಕೇಳೂದಿದ್ರ ನನ್ನ ಕೇಳ್ರಿ. ಚೆಂಡಿಗಿ ಏನ ಕೇಳ್ತೀರಿ?"

ದಡದಡ ಮನೆಯೊಳಗೆ ಹೋದಳು. ಹಿಂದೆ ನಾವಿಬ್ಬರು, ಇದ್ದ ಮೊಣಕಾಲಿನಲ್ಲೇ ಓಡಿದೆವು. ಬೀಗತಿ ತಾಟಿಗೆ ಭಕ್ರಿ ಹಾಕಿದಳು, ನಾನು ಬಟ್ಟೆಯಲ್ಲಿ ಗಾಳಿಸಿದ ನೀರು ತುಂಬಿಟ್ಟೆ. ಹುಡುಗಿ ಉಣ್ಣಲು ಕುಳಿತಳು. ಒಂದೂವರೆ ಭಕ್ರಿ ಆಗುವಷ್ಟರಲ್ಲಿ ಕಿಟಕಿಯ ಬೆಳಕು ಹೋಯಿತು. ನೀರು ಕುಡಿದು ಎದ್ದಳು.

"ಇನ್ನ ಅರ್ಧಾ ಐತಿ," ಎಂದಳು ಬೀಗತಿ.

"ಹೊತ್ತ ಮುಳಗಿತ್ರಿ ಅತ್ತಿ."

ರಟ್ಟಿನ ಮೇಲೆ ನಮ್ಮಿಬ್ಬರ ಆಟದ ಚೌಕ ಇನ್ನೂ ಖಾಲಿ ಇದೆ. ಕೆಂಪು ಹತ್ತಿರವಿತ್ತು ಎಂದು ನಾನು ಈಗಲೂ ಹೇಳುತ್ತೇನೆ, ಹಸಿರು ಎಂದು ಅವಳು ಹೇಳುತ್ತಾಳೆ. ಮಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಪಂಚಮಿಗೆ ಹೇಳಿದಂತೆ ಎಂಟು ದಿನ ಬಂದಳು. ಶಾಲೆಯಿಂದ ಬಂದವಳೇ ಕೈಕಾಲು ತೊಳೆದು ಮಲಗಿಬಿಡುತ್ತಿದ್ದಳು. ಮಾತಾಡಬೇಕೆಂದು ನಾನು ಎಷ್ಟೋ ಕೂಡಿಸಿಟ್ಟಿದ್ದೆ. ಎಬ್ಬಿಸಲಿಲ್ಲ. ಸಂಜೆ ಆರಕ್ಕೆ ಮಾತ್ರ ದಿನಾ ಎಬ್ಬಿಸಿದೆ, ತಾಟು ಹಾಕಿಟ್ಟು.